ನಾಲ್ಕು ಗಂಟೆಗೆ ಸಾಯುವ ಬೆಳಕು

ಪರದೆಯ ಮೇಲಿನ ಗೆರೆ ಸಪಾಟಾಗಿತ್ತು.

ಅತೀಯಾ ಬಾಗಿಲಲ್ಲೇ ನಿಂತುಬಿಟ್ಟಳು. ಮೇಲಿನ ಮಹಡಿಯಲ್ಲಿ ಬಿ.ಎಸ್ಸಿ. ಹುಡುಗಿಯರ ಪ್ರಯೋಗ ಮುಗಿಸಿ, ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದಿದ್ದಳು. ಗೋಡೆಯ ಗಡಿಯಾರದಲ್ಲಿ ನಾಲ್ಕು ಹನ್ನೆರಡು. ಬೆಳಿಗ್ಗೆ ಒಂಬತ್ತರಿಂದ ಪರದೆಯ ನಡುವೆ ಸೂಜಿಯ ಹಾಗೆ ಎದ್ದು ನಿಂತಿದ್ದ ಬೆಳಕಿನ ಮೊನೆ ಈಗ ಇರಲಿಲ್ಲ.

ಸತ್ತಿತ್ತು. ಹನ್ನೊಂದನೆಯ ಸಲ.

ಕೋಣೆಯಲ್ಲಿ ಇದ್ದವನು ಒಬ್ಬನೇ. ಗುಲಾಮ ದಸ್ತಗೀರ, ಇಪ್ಪತ್ತೆರಡು ವರ್ಷದಿಂದ ಆ ಪ್ರಯೋಗಾಲಯದ ಕಸ ಹೊಡೆದು, ಬೀಗ ತೆರೆದು, ಚಹಾ ತಂದವನು. ಎಡಗೈಯಲ್ಲಿ ಕೆಟಲಿ, ಸೊಂಟದಲ್ಲಿ ಕೀಲಿಗೊಂಚಲು. ಪರದೆಯನ್ನೇ ನೋಡುತ್ತಿದ್ದವನು ತಿರುಗಿ, ಅವಳು ಬಾಯಿ ತೆರೆಯುವ ಮೊದಲೇ ಅಂದ:

"ನಾ ಬಂದಾಗ ಹಿಂಗೇ ಇತ್ತು, ಬೇಟಿ."

ಕೇಳುವ ಮೊದಲೇ ಹೇಳಿದ್ದು ತಪ್ಪಾಯಿತು. ಅವಳ ಬೆನ್ನ ಹಿಂದಿನಿಂದ ಸೇಡಂನ ಸಂಗಮೇಶ್ವರನ ದನಿ ಬಂತು. ಅವನೂ ಅಲ್ಲಿಯೇ ಸಂಶೋಧನೆ ಮಾಡುವವನು; ಇದೇ ಲೇಸರಿಗಾಗಿ ಒಂದು ವರ್ಷದಿಂದ ಪಾಳಿ ಕಾದವನು.

"ಕೇಳಿದ್ಯಾರು ಚಾಚಾ?"

ಆ ಕಾಲೇಜು ಶಹಾಬಾದಿನ ಹೊರಗೆ, ವಾಡಿಯ ದಾರಿಯಲ್ಲಿ, ಕಲ್ಲಿನ ಗಣಿಗಳ ನಡುವೆ ಇತ್ತು. ಕೆಳಗಿನ ಕೋಣೆಯ ಮೂಲೆಯಲ್ಲಿ ನಾಲ್ಕು ಬೆರಳು ದಪ್ಪದ ಶಹಾಬಾದಿ ಕಲ್ಲಿನ ಹಾಸು. ಅತೀಯಾಳ ತಂದೆ ಚಾಂದ್ ಅವರು ಕಲ್ಲು ಪಾಲಿಶ್ ಮಾಡುವವರು. ಮಗಳ ಪ್ರಯೋಗಕ್ಕೆಂದು ತಾವೇ ಆರಿಸಿ, ಬೆರಳ ಗೆಣ್ಣಿನಿಂದ ಬಡಿದು ದನಿ ಕೇಳಿ, ಬಿರುಕಿಲ್ಲವೆಂದು ಖಾತ್ರಿ ಮಾಡಿ ತಂದಿಟ್ಟಿದ್ದರು. ಕಲ್ಲಿನ ಮೇಲೆ ತಗಡಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ನೂರು ಮೀಟರ್ ಗಾಜಿನ ಎಳೆ, ಸುರುಳಿ ಸುತ್ತಿ, ತುದಿಗೆ ತುದಿ ಬೆಸೆದು ಬಳೆಯಂತೆ ಮಾಡಿದ್ದು.

ಆ ಬಳೆಯೊಳಗೆ ಬೆಳಕು ಸುತ್ತುತ್ತದೆ. ಸುತ್ತಿಗೊಮ್ಮೆ ಒಂದಿಷ್ಟು ಸೋರುತ್ತದೆ. ಸುತ್ತಿಗೊಮ್ಮೆ ಹೊರಗಿನ ಲೇಸರು ಒಂದು ಮಿಣುಕು ಕೊಟ್ಟು ಒಂದಿಷ್ಟು ತುಂಬುತ್ತದೆ. ಸೋರುವುದೂ ತುಂಬುವುದೂ ಸರಿತೂಗಿದರೆ, ಹರಡಿ ಹೋಗಬೇಕಾದ ಬೆಳಕು ಹರಡದೆ ಒಂದೇ ಗಟ್ಟಿ ಮೊನೆಯಾಗಿ ನಿಲ್ಲುತ್ತದೆ. ಪುಸ್ತಕದಲ್ಲಿ ಅದಕ್ಕೆ ಸಾಲಿಟಾನ್ ಅನ್ನುತ್ತಾರೆ. ಸೆಕೆಂಡಿಗೆ ಇಪ್ಪತ್ತು ಲಕ್ಷ ಸುತ್ತು ಹಾಕುತ್ತದೆಂದು ಕೇಳಿದ ದಿನ ದಸ್ತಗೀರ ಅದಕ್ಕೆ ಮುಸಾಫಿರ ಎಂದು ಹೆಸರಿಟ್ಟಿದ್ದ. "ಎಲ್ಲೂ ಮುಟ್ಟಂಗಿಲ್ಲ, ಎಲ್ಲೂ ಕುಂದ್ರಂಗಿಲ್ಲ. ನನ್ನಂಗ," ಅಂದಿದ್ದ.

ಇಂಥ ಮುಸಾಫಿರನನ್ನು ಗದ್ದಲ ಏನು ಮಾಡುತ್ತದೆ ಎನ್ನುವುದೇ ಅತೀಯಾಳ ವಿಷಯ. ಕಿವಿಗೆ ಕೇಳುವ ಗದ್ದಲವಷ್ಟೇ ಅಲ್ಲ—ನೆಲದ ನಡುಕ, ಲೇಸರಿನ ಮಿಡುಕಾಟ, ಗಾಜಿನೊಳಗಿನ ಕಾಣದ ಕಂಪನ. ಇಂಥ ಗದ್ದಲದ ನಡುವೆ ಅದು ಎಷ್ಟು ಹೊತ್ತು ಬದುಕೀತು? ಜನವರಿಯ ಸಂಕ್ರಾಂತಿ ರಜೆಯಲ್ಲಿ ಐವತ್ತಮೂರು ತಾಸು ಬದುಕಿತ್ತು. ಅವಳು ಅದನ್ನೇ ವಿಶ್ವವಿದ್ಯಾಲಯಕ್ಕೆ ಬರೆದು ಕಳಿಸಿದಳು. ಈಗ ಮೇ ತಿಂಗಳು. ಮೂರು ವಾರದಲ್ಲಿ ಏಳೂಕಾಲು ತಾಸು ದಾಟಿದ್ದು ಒಮ್ಮೆಯೂ ಇಲ್ಲ.

ಸೋಮವಾರ ವಿಶ್ವವಿದ್ಯಾಲಯದ ತಪಾಸಣೆಯವರು ಬರುವವರಿದ್ದರು. ಸಂಜೆ ಆರಕ್ಕೆ ಕರೆಂಟು ತೆಗೆಯುವ ಕಾಲೇಜು, ಸಂಕ್ರಾಂತಿ ರಜೆಯಲ್ಲಿ ಬಿಟ್ಟಂತೆ, ಇದೊಂದು ಸಲಕ್ಕೂ ಒಪ್ಪಿತ್ತು: ರವಿವಾರ ಬೆಳಿಗ್ಗೆ ಒಂಬತ್ತಕ್ಕೆ ಹಚ್ಚಬೇಕು, ಸೋಮವಾರ ಸಂಜೆ ನಾಲ್ಕಕ್ಕೆ ಅದು ಜೀವಂತ ಕಾಣಬೇಕು. ಕಾಣದಿದ್ದರೆ ಐವತ್ತಮೂರು ತಾಸು ಸುಳ್ಳು. ಸುಳ್ಳು ಬರೆದವಳ ಹೆಸರು ಸಂಶೋಧಕರ ಪಟ್ಟಿಯಲ್ಲಿ ಉಳಿಯುವುದಿಲ್ಲ. ನಾಲ್ಕು ವರ್ಷ ನೀರಿಗೆ ಹೋದಂತೆ.

ಮಾರ್ಗದರ್ಶಕರಾದ ಗುರುಲಿಂಗಯ್ಯನವರು ಮೊನ್ನೆಯಷ್ಟೇ ದನಿ ತಗ್ಗಿಸಿ ಕೇಳಿದ್ದರು. "ಅತೀಯಾ, ಐವತ್ತಮೂರು ಖರೇ ಏನವ್ವಾ?" ಅವತ್ತು ಮನೆಗೆ ಹೋಗಿ ರೊಟ್ಟಿ ಮುರಿದು ಬಾಯಿಗಿಡಲು ಅವಳಿಂದ ಆಗಿರಲಿಲ್ಲ.

ಹನ್ನೊಂದನೆಯ ಸಲ ಸತ್ತ ಆ ಗುರುವಾರ ಸಂಜೆ ಗುರುಲಿಂಗಯ್ಯನವರೇ ಲೆಕ್ಕ ಹಾಕಿದರು. ಹನ್ನೊಂದರಲ್ಲಿ ಒಂಬತ್ತು ಸಾವು ನಾಲ್ಕರ ಆಚೀಚೆ. ನಾಲ್ಕಕ್ಕೆ ಚಹಾ ತರುವವನು ಯಾರು? ದಸ್ತಗೀರ. ಆ ಹೊತ್ತಿಗೆ ಅತೀಯಾ ಎಲ್ಲಿರುತ್ತಾಳೆ? ಮೇಲೆ, ಕ್ಲಾಸಿನಲ್ಲಿ. ಉಳಿದೆರಡು ಶುಕ್ರವಾರದವು, ಮೂರು ಇಪ್ಪತ್ತಕ್ಕೇ ಸತ್ತವು—ಶುಕ್ರವಾರ ನಮಾಜು ಮುಗಿಸಿ ಬೇಗ ಬಂದು ಕೈಯಾಡಿಸಿರಬೇಕು. ಕಾರಣ? ಕಾರಣವೂ ಇತ್ತು. ಕಲ್ಲುಹಾಸು ಬಂದ ಮೇಲೆ ದಸ್ತಗೀರ ಮಧ್ಯಾಹ್ನ ಅಡ್ಡಾಗುತ್ತಿದ್ದ ಮೂಲೆ ಹೋಗಿತ್ತು. "ಈ ಕಲ್ಲು ನನ್ನ ಹಾಸಿಗಿ ನುಂಗಿ ನೀರು ಕುಡೀತು," ಎಂದು ಅವನು ಹತ್ತು ಜನರ ಎದುರು ನಗೆಯಾಡಿದ್ದ. ಆ ನಗೆಯನ್ನು ಈಗ ಯಾರೂ ನಗೆಯೆಂದು ನೆನೆಯಲಿಲ್ಲ.

ದಸ್ತಗೀರನ ಮೇಲೆ ದೂರಿನ ಅರ್ಜಿ ಬರೆದದ್ದು ಗುರುಲಿಂಗಯ್ಯನವರು. ಕೆಳಗೆ ಸಹಿ ಅತೀಯಾಳದು. ಮಾಡುವ ಮೊದಲು ಎರಡು ಸಲ ಪೆನ್ನು ಕೆಳಗಿಟ್ಟಳು. ಸೋಮವಾರ ನೆನಪಾಗಿ ಹಾಕಿದಳು.

ಸಿಬ್ಬಂದಿ ಕೋಣೆಯಲ್ಲಿ ಹದಿನಾಲ್ಕು ಜನ ಕುರ್ಚಿಗಳಲ್ಲಿ ಕೂತು ಕೇಳಿದರು. ದಸ್ತಗೀರ ನಿಂತು ಕೇಳಿದ. ಓದಿ ಮುಗಿದ ಮೇಲೆ ಸೊಂಟದ ಗೊಂಚಲು ಬಿಚ್ಚಿ ಮೇಜಿನ ಮೇಲೆ ಇಟ್ಟ. ಯಾರ ಕಡೆಗೂ ನೋಡದೆ, "ನಾ ಆ ಪೆಟ್ಟಿಗಿ ಮುಟ್ಟಿಲ್ಲ. ಕಸಮ್ ಹಾಕು ಅಂದ್ರ ಹಾಕ್ತೀನಿ," ಅಂದ. ಯಾರೂ ಹಾಕು ಅನ್ನಲಿಲ್ಲ. ತನ್ನೂರು ಚಿತ್ತಾಪುರದ ಬಸ್ಸಿಗೆ ಹೊತ್ತಾಗಿತ್ತು, ಹೋದ.

ಮರುದಿನ ಶುಕ್ರವಾರ. ಗೊಂಚಲಿನಿಂದ ತೆಗೆದ ಪ್ರಯೋಗಾಲಯದ ಎರಡೂ ಕೀಲಿ ಅತೀಯಾಳ ಹತ್ತಿರ. ಕ್ಲಾಸುಗಳನ್ನು ಬೇರೆಯವರಿಗೆ ಒಪ್ಪಿಸಿ ಒಂಬತ್ತಕ್ಕೇ ಬಂದು ಲೇಸರು ಹಚ್ಚಿದಳು. ಮುಸಾಫಿರ ಎದ್ದು ನಿಂತ. ಹೊರಗೆ ನಲವತ್ತಮೂರು ಡಿಗ್ರಿ ಬಿಸಿಲು. ಹಳೆಯ ಏಸಿ ಮುದಿ ಎತ್ತಿನಂತೆ ಏದುತ್ತಿತ್ತು. ಶುಕ್ರವಾರ ಊಟದ ಬಿಡುವು ಹನ್ನೆರಡೂವರೆಗೇ. ಅವಳು ಕಿಟಕಿಯ ಪರದೆ ಎಳೆದು, ಬಕೆಟ್ಟಿನಲ್ಲಿ ಬಟ್ಟೆ ಹಿಂಡಿ ನೆಲ, ಕಲ್ಲು ಒರೆಸಿ, ಡಬ್ಬಿ ಬಿಚ್ಚಿ ಎರಡು ತುತ್ತು ತಿಂದು, ಒಳಗಿನಿಂದ ಅಗಳಿ ಹಾಕಿ ಪರದೆಯ ಎದುರು ಕೂತಳು. ಬಾಗಿಲು ಬಡಿದವರಿಗೆ ತೆರೆಯಲಿಲ್ಲ. ಕಣ್ಣು ಕೀಳಲಿಲ್ಲ.

ಒಂದಾಯಿತು. ಎರಡಾಯಿತು. ಎರಡೂವರೆಗೆ ಅವಳಿಗೆ ಏನೋ ಅನುಮಾನ—ಮೊನೆ ಪರದೆಯ ನಡುವೆ ಇಲ್ಲ, ಒಂದು ಗೋಧಿಕಾಳಿನಷ್ಟು ಬಲಕ್ಕೆ ಇದೆ. ಮೂರಕ್ಕೆ ಎರಡು ಕಾಳು. ಅದರ ಎತ್ತರ ಕೂದಲೆಳೆಯಷ್ಟೂ ಕುಗ್ಗಿರಲಿಲ್ಲ. ನೆಟ್ಟಗೆ ನಿಂತೇ, ಯಾರೋ ಕರೆದಂತೆ, ಬಲಕ್ಕೆ ಸರಿಯುತ್ತ ಹೋಯಿತು. ಮೂರು ಇಪ್ಪತ್ತಕ್ಕೆ ಒಮ್ಮೆ ಮಿಣುಕಿ ಇಲ್ಲವಾಯಿತು.

ಕೋಣೆಯಲ್ಲಿ ಅವಳ ಹೊರತು ನರಪಿಳ್ಳೆ ಇರಲಿಲ್ಲ.

ಸತ್ತದ್ದಕ್ಕಿಂತ ದೊಡ್ಡ ಭಯ ಈಗ ಬೇರೆಯಿತ್ತು. ದಸ್ತಗೀರ ಚಾಚಾ ಮಾಡಿಲ್ಲ. ಹಾಗೆಂದು ಹೇಳಿದರೆ? ಸಹಿ ಹಾಕಿದ ಅರ್ಜಿ ಸುಳ್ಳು. ಕೀಲಿ ಇವಳ ಹತ್ತಿರವೇ ಇತ್ತೆಂದ ಮೇಲೆ ಐವತ್ತಮೂರೂ ಸುಳ್ಳೆಂದೇ ಆಗುತ್ತದೆ. ಹೇಳದಿದ್ದರೆ? ಯಾರಿಗೂ ತಿಳಿಯುವುದಿಲ್ಲ. ಬೇಡವೆಂದರೂ ಆ ವಿಚಾರ ತಲೆಯಲ್ಲಿ ಬಂದು ಕೂತಿತು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಫೋನು ತೆಗೆದು ವಾಡಿಯ ಲಲಿತಾಬಾಯಿಗೆ ಹಚ್ಚಿದಳು.

ಲಲಿತಾಬಾಯಿ ರೈಲ್ವೆಯ ಕೇಬಲ್ ವಿಭಾಗದಲ್ಲಿ ಮೂವತ್ತಮೂರು ವರ್ಷ ದುಡಿದು ನಿವೃತ್ತರಾದವರು. ಹಳಿಯ ಗುಂಟ ನೆಲದಲ್ಲಿ ಹೂತ ಗಾಜಿನ ಎಳೆ ಎಲ್ಲಿ ಕಡಿದಿದೆ, ಯಾಕೆ ಕಡಿದಿದೆ ಎಂದು ಹುಡುಕುವುದು ಅವರ ಕೆಲಸವಾಗಿತ್ತು. ಡಿಸೆಂಬರಿನಲ್ಲಿ ಅತೀಯಾಳ ಬಳೆಯ ತುದಿಗಳನ್ನು ಬೆಸೆದು ಕೊಟ್ಟವರೂ ಅವರೇ. ಇವಳ ಅಳು ಪೂರ್ತಿ ಕೇಳಿಸಿಕೊಂಡು, "ನಾಳೆ ಬರ್ತೀನಿ. ಚಹಾಕ್ಕ ಸಕ್ರಿ ಕಮ್ಮಿ," ಎಂದಷ್ಟೇ ಅಂದರು.

ಶನಿವಾರ ಬಂದಾಗ ಅವರ ಕೈಯಲ್ಲಿ ಒಂದು ಮೊರ, ಎರಡು ಕಿಲೋ ತೊಗರಿಬೇಳೆ. ಕೈ ಖಾಲಿ ಇದ್ದರೆ ತಲೆ ಓಡುವುದಿಲ್ಲವಂತೆ. ಮೂಲೆಯ ಕುರ್ಚಿಯಲ್ಲಿ ಕೂತು ಬೇಳೆ ಹಸನು ಮಾಡುತ್ತ ಒಬ್ಬೊಬ್ಬರನ್ನೇ ಕರೆದು ಕೇಳಿದರು.

ಸಂಗಮೇಶ್ವರ ಗಣಿಯವರನ್ನು ದೂರಿದ. ದಿನಾ ಒಂದಕ್ಕೆ ಕಲ್ಲಿಗೆ ಮದ್ದು ತುಂಬಿ ಸುರಂಗ ಹಾರಿಸುತ್ತಾರೆ, ಗಾಜೆಲ್ಲ ಗದಗುಡುತ್ತದೆ. ಸಿಮೆಂಟಿನ ಗೂಡ್ಸು ಗಾಡಿಗಳು ಬೇರೆ. ಅದಿಲ್ಲದಿದ್ದರೆ ಚಾಚಾ.

"ಅದೂ ಅಲ್ಲ, ಇವರೂ ಅಲ್ಲ ಅಂದ್ರ?" ಎಂದರು ಲಲಿತಾಬಾಯಿ.

"ಅಂದ್ರ?"

"ಲೇಸರ್ ನಿನಗ ಬೇಕಾಗೇದಂತ."

ಅವನ ಕಿವಿ ಕೆಂಪಾದವು. "ಬೇಕ್ರೀ. ಹಂಗಂತ ಕೆಡಸಾಕ ನನಗ ಬರಂಗಿಲ್ಲ. ಅದು ನಿಲ್ಲೂದ ಹೆಂಗ ಅನ್ನೂದ ಇನ್ನಾ ನನಗ ತಿಳಿದಿಲ್ಲ," ಅಂದ. ಅದು ನಿಜದಂತೆಯೇ ಕೇಳಿಸಿತು.

ಗುರುಲಿಂಗಯ್ಯನವರು ತಮ್ಮ ಲೆಕ್ಕವನ್ನೇ ಮತ್ತೊಮ್ಮೆ ಹೇಳಿದರು. ಲಲಿತಾಬಾಯಿ ಪೂರ್ತಿ ಕೇಳಿ, ಒಂದು ಹರಳು ಆರಿಸಿ ಕಿಟಕಿಯಾಚೆ ಎಸೆದು, "ಸರ್, ಹಳಿ ಪಕ್ಕ ಕೇಬಲ್ ಕಡಿದ ಜಾಗಾಕ್ಕ ನಾವು ಹೋದಾಗ ಕಳ್ಳ ಅಲ್ಲಿ ನಿಂತಿರೂದಿಲ್ಲ. ನಿಂತಾವ ಕುರಿ ಕಾಯಾವ ಇರ್ತಾನ. ಅವನ್ನ ಹಿಡದು ಹೊಡದವರನ್ನ ಭಾಳ ನೋಡೀನಿ," ಅಂದರು.

ಆಮೇಲೆ, ಶುಕ್ರವಾರ ಉಳಿದ ದಿನಕ್ಕಿಂತ ಬೇಗ ಆಗುವುದು ಏನೆಂದು ವಿಚಾರಿಸಿ, ಊಟದ ಬಿಡುವೆಂದು ತಿಳಿದುಕೊಂಡು, ಚಿತ್ತಾಪುರಕ್ಕೆ ಫೋನು ಮಾಡಿ ದಸ್ತಗೀರನನ್ನು ಒಂದೇ ಮಾತು ಕೇಳಿದರು: ಶುಕ್ರವಾರ ಹನ್ನೆರಡೂವರೆಗೆ ಎಲ್ಲಿರ್ತೀರಿ? ಹನ್ನೆರಡೂ ಕಾಲಿಗೇ ಮಸೀದಿಗೆ ಹೋಗುತ್ತೇನೆ, ಬರುವುದು ಎರಡಕ್ಕೆ, ಬೇಕಾದರೆ ಐವತ್ತು ಜನ ಹೇಳುತ್ತಾರೆ ಎಂದನಂತೆ. ಯಾಕೆ ಅಂತ ಅವನೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಕೊನೆಗೆ ಅತೀಯಾಳ ಪಾಳಿ.

"ಪೆಟ್ಟಿಗಿ ತೆರೆದು ಎಷ್ಟು ದಿನಾತು?"

"ಎರಡು ತಿಂಗಳು."

"ಕಲ್ಲು ಯಾರು ಮುಟ್ಟತಾರ?"

"ಯಾರೂ ಇಲ್ಲರಿ."

"ನೀನು?"

"ನಾನೂ ಇಲ್ಲ. ಮುಟ್ಟಿದ್ರ ನಡುಗ್ತದ ಅಂತ ನನಗ ಗೊತ್ತಿಲ್ಲೇನು?"

"ಸತ್ತ ದಿನದ್ದು ಏನೇನು ಬರದಿಟ್ಟೀ?"

ಎತ್ತರದ ಲೆಕ್ಕವೆಲ್ಲ ಇದೆ ಎಂದಳು. ನಿಮಿಷ ನಿಮಿಷಕ್ಕೂ ಮೊನೆ ಎಷ್ಟು ಎತ್ತರ ಇತ್ತು ಎನ್ನುವುದನ್ನೇ ಅವಳು ಮೂರು ವಾರ ಕಣ್ಣು ಉರಿಯುವಷ್ಟು ನೋಡಿದ್ದಳು. ಸಾಯುವ ಕ್ಷಣದವರೆಗೂ ಎಲ್ಲ ಸರಿಯಾಗಿಯೇ ಇತ್ತು; ಅದೇ ಅವಳ ತಲೆ ಕೆಡಿಸಿದ್ದು.

"ಎತ್ತರ ಬಿಡು. ಎಲ್ಲಿತ್ತು ಅನ್ನೂದು?"

ಯಂತ್ರ ಅದನ್ನೂ ಬರೆದಿಟ್ಟಿತ್ತು; ಅವಳು ತೆರೆದು ನೋಡಿರಲಿಲ್ಲ. ಹನ್ನೆರಡು ದಿನದ ಹನ್ನೆರಡು ಹಾಳೆ ಮುದ್ರಿಸಿ ಕೊಟ್ಟಳು. ಲಲಿತಾಬಾಯಿ ಅವನ್ನು ವರಾಂಡದ ನೆಲದ ಮೇಲೆ ಹಾಸಿ, ಗಾಳಿಗೆ ಹಾರದಂತೆ ಜಲ್ಲಿ ಹರಳು ಇಟ್ಟು, ಒಂದೊಂದರ ಮುಂದೆಯೂ ಕುಕ್ಕರಗಾಲಲ್ಲಿ ಕೂತು ನೋಡಿದರು. ಎದ್ದಾಗ ಮೊಣಕಾಲು ಹಿಡಿದಿತ್ತು.

"ಈಗ ನೀ ದಿನಾ ಹೆಂಗ ಮಾಡ್ತೀ ಹಂಗೇ ಮಾಡು. ನಾ ಇಲ್ಲಿಲ್ಲ ಅಂತ ತಿಳಿ. ಒಂದೂ ಬಿಡಬ್ಯಾಡ, ಒಂದೂ ಹೆಚ್ಚು ಮಾಡಬ್ಯಾಡ."

ಅವಳು ಹಾಗೇ ಮಾಡಿದಳು. ಒಂದಕ್ಕೆ ಸುರಂಗ ಹಾರಿತು. ಕಿಟಕಿ ಗಾಜು ಗದಗುಡಿತು. ಮೊನೆ ಒಮ್ಮೆ ಬೆಚ್ಚಿ ಮತ್ತೆ ನಿಂತಿತು. ಒಂದು ಇಪ್ಪತ್ತಕ್ಕೆ ಊಟದ ಬಿಡುವು. ಮೊರದಲ್ಲಿ ಬೇಳೆಯ ಸದ್ದು ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು. ಮೂರೂವರೆಗೆ ಅತೀಯಾ ಕ್ಲಾಸಿಗೆ ಹೋದಳು. ಬಂದಾಗ ಲಲಿತಾಬಾಯಿ ಬೇಳೆಯನ್ನು ಚೀಲಕ್ಕೆ ಸುರಿಯುತ್ತಿದ್ದರು.

"ನಾಕು ಐದಕ್ಕ ಹೋತು," ಅಂದರು. "ಸರ್‌ನ ಕರಿ. ಆ ಸೇಡಂ ಹುಡುಗನ್ನೂ."

ಇಬ್ಬರೂ ಬಂದು ನಿಂತರು. ಅತೀಯಾ ಮೇಜಿಗೆ ಒರಗಿ ನಿಂತಳು. ನಾಳೆ ಬೆಳಿಗ್ಗೆ ಹಚ್ಚಬೇಕು. ಈ ಹೆಂಗಸು ಈಗ ಹೇಳಿದರೆ ಹೇಳಿದಂತೆ, ಇಲ್ಲದಿದ್ದರೆ ಇಲ್ಲ.

"ಮೊದಲ ಗದ್ದಲದ ಮಾತು," ಎಂದು ಲಲಿತಾಬಾಯಿ ಇವತ್ತಿನ ಎತ್ತರದ ಗೆರೆ ತೋರಿಸಿದರು. ಒಂದು ಗಂಟೆಯ ಹತ್ತಿರ ಗರಗಸದ ಹಲ್ಲಿನಂತೆ ಒಂದು ಚೂಪು. "ಇದು ಸುರಂಗದ್ದು. ಪೆಟ್ಟು ಬಿತ್ತು. ಆಮ್ಯಾಲೆ?"

"ಮತ್ತ ಅಷ್ಟೇ ಎತ್ತರ," ಎಂದ ಸಂಗಮೇಶ್ವರ.

"ಯಾಕ? ದಿನಾ ಸೋರೂದು, ದಿನಾ ತುಂಬೂದು ಇದ್ದಲ್ಲಿ ಹಳೇ ಗಾಯ ಉಳಿಯಂಗಿಲ್ಲ. ಸುತ್ತಿಗಿಷ್ಟು ಹಳೇದು ಸೋರಿ ಹೋಗ್ತದ, ಲೇಸರ್ ಹೊಸಾದು ತುಂಬತದ. ಕಣ್ಣು ಮುಚ್ಚಿ ತೆಗಿಯೂದರಾಗ ಪೆಟ್ಟು ಮರತಿರ್ತದ. ಇಂಥಾದ್ದನ್ನ ಪೆಟ್ಟು ಹಾಕಿ ಕೊಲ್ಲೂದು ಸುಲಭಲ್ಲ. ಆದ್ರ ಒಂದು ಮರಿಯಂಗಿಲ್ಲ—ಜಾಗಾ. ಎತ್ತರ ತಿದ್ದಾಕ ಲೇಸರ್ ಅದ. ಜಾಗಾ ತಿದ್ದಾಕ ಯಾರೂ ಇಲ್ಲ. ಯಾರಾರ ಒಂದು ಹೆಜ್ಜಿ ಸರಿಸಿದ್ರ, ಸರದಲ್ಲೇ ನಿಲ್ತದ."

ನಡಿಗೆಯ ಹಾಳೆಯೊಂದನ್ನು ಎತ್ತಿ ಹಿಡಿದರು. ಒಂಬತ್ತರಿಂದ ಶುರುವಾದ ಗೆರೆ ಎಡಕ್ಕೊಂದಿಷ್ಟು ಬಲಕ್ಕೊಂದಿಷ್ಟು ತಡಕಾಡುತ್ತ ಮಧ್ಯಾಹ್ನದವರೆಗೆ ನಡುವಿನಲ್ಲೇ ಇತ್ತು.

"ಇದು ಕುಡುಕನ ನಡಿಗಿ. ಗೂಡ್ಸ್ ಗಾಡಿ, ಸುರಂಗ, ಏಸಿ—ಎಲ್ಲಾ ಗದ್ದಲ ಹಿಂಗೇ. ನಡುಗಿಸ್ತದ, ದೂಡಂಗಿಲ್ಲ. ನಾಕು ಹೆಜ್ಜಿ ಆ ಕಡಿ, ಮೂರು ಈ ಕಡಿ. ಇಂವ ಲೇಸರಿನ ಮಿಣುಕು ಇದ್ದಷ್ಟೇ ಜಾಗಾದಾಗ ಬದುಕಬೇಕು, ಕಂದೀಲಿನ ಬೆಳಕಿನ್ಯಾಗ ನಿಂತವರಂಗ. ಕುಡುಕ ತಡಕಾಡಕೋತ ಅಂಚಿಗೆ ಬರಾಕ ಎರಡು ದಿನಾ ಬೇಕು. ಐವತ್ತಮೂರು ತಾಸು ಅಂದ್ರ ಬರೋಬರಿ. ಈ ಹುಡುಗಿ ಸುಳ್ಳು ಬರದಿಲ್ಲ, ಸರ್."

ಗುರುಲಿಂಗಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು.

"ಆದ್ರ ಇಲ್ಲಿ ನೋಡ್ರಿ." ಬೆರಳು ಹಾಳೆಯ ಮೇಲೆ ಸರಿಯಿತು. ಒಂದು ಇಪ್ಪತ್ತರಿಂದಾಚೆ ಗೆರೆ ತಡಕಾಡುವುದನ್ನು ಬಿಟ್ಟು, ಇಳಿಜಾರಿನ ನೀರಿನಂತೆ ಒಂದೇ ಕಡೆಗೆ ಹರಿದು ಹಾಳೆಯ ಅಂಚಿನಲ್ಲಿ ಮುಗಿದಿತ್ತು. "ಇದು ಕುಡುಕನದಲ್ಲ. ಯಾರೋ ಕೈ ಹಿಡದು ಕರಕೊಂಡು ಹೋಗ್ಯಾರ. ಸತ್ತದ್ದು ನಾಕಕ್ಕ ಖರೆ—ಕೈ ಹಿಡದದ್ದು ಒಂದು ಇಪ್ಪತ್ತಕ್ಕ. ಎರಡೂ ಮುಕ್ಕಾಲು ತಾಸು ನಡಿಗಿ. ಶುಕ್ರವಾರದ ಹಾಳಿ ತಗೋರಿ—ಹನ್ನೆರಡು ಮೂವತ್ತೈದಕ್ಕ ಶುರು, ಮೂರು ಇಪ್ಪತ್ತಕ್ಕ ಸಾವು. ಎಷ್ಟಾತು?"

"ಎರಡೂ ಮುಕ್ಕಾಲು," ಎಂದರು ಗುರುಲಿಂಗಯ್ಯ, ದನಿಯೇ ಇಲ್ಲದೆ.

"ಶುಕ್ರವಾರ ಆ ಹೊತ್ತಿನ್ಯಾಗ ದಸ್ತಗೀರ ಮಸೀದಿಯೊಳಗ. ನಿನ್ನೆ, ಇವತ್ತು ಊರಾಗೇ ಇಲ್ಲ. ಸತ್ತ ಹೊತ್ತು ನೋಡಿ ನೀವು ಕುರಿ ಕಾಯಾವನ್ನ ಹಿಡದೀರಿ."

"ಮತ್ತ ಯಾರು?" ಎಂದ ಸಂಗಮೇಶ್ವರ.

ಲಲಿತಾಬಾಯಿ ಕಲ್ಲುಹಾಸಿನ ಹತ್ತಿರ ಹೋದರು. "ಅತೀಯಾ, ಇಲ್ಲಿ ಬಾ. ಕಲ್ಲಿನ ಮ್ಯಾಲೆ ಅಂಗೈ ಇಡು. ಪೆಟ್ಟಿಗಿ ಬಾಜೂಕ. ಹೆಂಗದ?"

"ತಣ್ಣಗದ."

"ಈ ಮೇಜು?"

ಅವಳು ಮೇಜು ಮುಟ್ಟಿದಳು. ಬೆಚ್ಚಗಿತ್ತು.

"ಗೋಡಿ ಮ್ಯಾಲಿನ ಥರ್ಮಾಮೀಟರ್ ದಿನವಿಡೀ ಇಪ್ಪತ್ತೊಂಬತ್ತು. ಕಲ್ಲಿಗೆ ಯಾರೂ ಥರ್ಮಾಮೀಟರ್ ಹಚ್ಚಿಲ್ಲ. ಈಗ ಕಲ್ಲಿನ ಅಂಚಿಗೆ ಬಿಳೀ ಗೆರಿ ಕಾಣಸ್ತಾವಲ್ಲ, ಒಂದರ ಮ್ಯಾಲೊಂದು. ಏನವು?"

"ಬೋರಿನ ನೀರಿನ ಕಲೆ ಅವು," ಎಂದಳು ಅತೀಯಾ. "ನಮ್ಮ ಕಡೆ ಎಲ್ಲಾ ಕಲ್ಲಿಗೂ ಇರ್ತಾವ—"

ಮಾತು ಅರ್ಧಕ್ಕೇ ನಿಂತಿತು. ಬಾಗಿಲ ಹಿಂದೆ ಬಕೆಟ್ಟು ಇತ್ತು. ಬಕೆಟ್ಟಿನ ಕಂಠಕ್ಕೆ ನೇತುಹಾಕಿದ ಬಟ್ಟೆ ಇನ್ನೂ ಹಸಿಯಾಗಿತ್ತು.

ಶಹಾಬಾದಿನಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೇಸಿಗೆ ಬಂತೆಂದರೆ, ಬಿಸಿಲು ನೆತ್ತಿಗೇರಿದೊಡನೆ, ಮನೆಮನೆಯಲ್ಲೂ ಕಲ್ಲಿನ ನೆಲಕ್ಕೆ ನೀರು ಒರೆಸುತ್ತಾರೆ. ನೀರು ಆರುತ್ತ ಕಲ್ಲು ತಣಿಯುತ್ತದೆ. ತಣಿದ ಕಲ್ಲಿನ ಮೇಲೆ ಕೂತು ಉಣ್ಣುತ್ತಾರೆ, ಮಲಗುತ್ತಾರೆ. ಅವಳ ತಾಯಿ, ಅಜ್ಜಿ ಎಲ್ಲರೂ ಉಸಿರಾಡಿದಷ್ಟೇ ಸಹಜವಾಗಿ ಮಾಡಿದ್ದು. ಮಾರ್ಚಿನಲ್ಲಿ ಏಸಿ ಕೆಟ್ಟಾಗ ಕೆಲವು ದಿನ, ಮೇ ಹತ್ತಿದ ಮೇಲೆ ತಪ್ಪದೆ ದಿನಾ, ಊಟಕ್ಕೆ ಮೊದಲು ಅವಳೂ ಒರೆಸಿದ್ದಳು—ನೆಲದ ಜೊತೆ ಹಾಸುಗಲ್ಲನ್ನೂ. ಪೆಟ್ಟಿಗೆಗೆ ಬಿಸಿ ತಾಗದಿರಲಿ ಎಂದು. ಮುಸಾಫಿರ ತಂಪಾಗಿರಲಿ ಎಂದು. ಜನವರಿಯಲ್ಲಿ ಒರೆಸಿರಲಿಲ್ಲ, ಚಳಿಯಲ್ಲಿ ಯಾರು ಕಲ್ಲಿಗೆ ನೀರು ಹಾಕುತ್ತಾರೆ?

"ಕಲ್ಲು ತಣ್ಣಗಾತು, ಗಾಜು ತಣ್ಣಗಾತು, ಬಳಿ ಅಷ್ಟು ಕುಗ್ಗಿತು," ಎಂದರು ಲಲಿತಾಬಾಯಿ, ಈಗ ಮೆಲ್ಲಗೆ. "ದಾರಿ ಕುಗ್ಗಿದ್ರ ಸುತ್ತಿನ ಹೊತ್ತು ತಪ್ಪತದ. ಲೇಸರಿನ ಮಿಣುಕನ್ನ ಬಳೀ ಸುತ್ತಿಗೆ ಹೊಂದಸೂ ಯಂತ್ರ ಮುಕ್ಕಾಲು ತಿದ್ದತದ, ಪಾವು ಉಳೀತದ. ಆ ಪಾವಿನಿಂದ ಮುಸಾಫಿರ ಲೇಸರಿನ ಮಿಣುಕಿಗಿಂತ ಸುತ್ತಿಗೆ ಒಂದು ಕೂದಲೆಳಿ ಮುಂದ, ಮತ್ತೊಂದು ಕೂದಲೆಳಿ ಮುಂದ. ಎರಡೂ ಮುಕ್ಕಾಲು ತಾಸಿಗೆ ಕಂದೀಲಿನ ಬೆಳಕು ದಾಟಿ ಕತ್ತಲಿಗೆ ಬೀಳತಾನ."

ಹಾಳೆಯನ್ನು ಮಡಚಿ ಅತೀಯಾಳ ಕೈಗಿಟ್ಟರು.

"ಕೈ ಹಿಡದಾಕಿ ನೀನ, ಅತೀಯಾ."

"ಮುಟ್ಟಿಲ್ಲ ಅಂದೆ ನಾ ನಿಮಗ," ಎಂದಳು ಅವಳು. "ಬೆಳಿಗ್ಗೆ. ಮುಟ್ಟಿಲ್ಲ ಅಂದೆ."

"ಸುಳ್ಳು ಹೇಳಿಲ್ಲ ನೀ. ನಮ್ಮ ಕಡೆ ಕಲ್ಲು ಒರಸೂದು ಮುಟ್ಟೂದು ಅಲ್ಲೇ ಅಲ್ಲ. ದಸ್ತಗೀರನೂ ದಿನಾ ನೋಡ್ಯಾನ, ಅಂವಗೂ ಅದು ಕಾಣಿಸಿಲ್ಲ. ಈ ಹುಡುಗ ನೋಡ್ಯಾನ, ಸರ್ ನೋಡ್ಯಾರ. ನೀ ಇವತ್ತು ಒರಸೂ ಮುಂದ ನಾನೂ ಮೊದಲ ಏನಂದಕೊಂಡೆ ಗೊತ್ತೇನು? ಚಲೋ ಮಾಡಿದ್ಲು, ಕಾಲು ತಂಪಾತು ಅಂತ."

ಗುರುಲಿಂಗಯ್ಯನವರು ಬಾಗಿಲು ಮುಂದೆ ಮಾಡಿದರು. ಅವರಿಗೆ ಈಗ ಸೋಮವಾರದ ಚಿಂತೆ. ತಾಂತ್ರಿಕ ದೋಷವಿತ್ತು, ಸರಿಹೋಯಿತು ಎಂದು ಬರೆದರೆ ಸಾಕು ಅಂದರು. ಅರ್ಜಿಯನ್ನು ಸ್ವಲ್ಪ ದಿನ ಬಿಟ್ಟು ಸದ್ದಿಲ್ಲದೆ ವಾಪಸು ತೆಗೆದುಕೊಳ್ಳೋಣ. ತಪಾಸಣೆಯವರ ಎದುರು ತನ್ನ ಕೈಯಿಂದಲೇ ಮೂರು ವಾರ ಕೆಟ್ಟಿತೆಂದರೆ ಗದ್ದಲದ ಮೇಲೆ ಪ್ರಬಂಧ ಬರೆಯುವವಳನ್ನು ನೋಡಿ ನಗುತ್ತಾರೆ. ಅವರು ಹೇಳಿದ್ದು ಲೋಕದ ಮಾತೇ.

ರವಿವಾರ ಬೆಳಿಗ್ಗೆ ಒಂಬತ್ತಕ್ಕೆ ಒಣಗಿದ ಕಲ್ಲಿನ ಮೇಲೆ ಮುಸಾಫಿರನನ್ನು ಎಬ್ಬಿಸಿ, ಲಲಿತಾಬಾಯಿಯವರನ್ನು ಕಾವಲಿಗೆ ಕೂರಿಸಿ, ಅವಳು ಚಿತ್ತಾಪುರದ ಬಸ್ಸು ಹತ್ತಿದಳು.

ದಸ್ತಗೀರನ ಮನೆ ಸೇರುವಷ್ಟರಲ್ಲಿ ಬಿಸಿಲು ಏರಿತ್ತು. ಅವನ ಹೆಂಡತಿ ಖುರ್ಷಿದಬೇಗಂ ನೆಲ ಒರೆಸುತ್ತಿದ್ದಳು. ಏನೂ ತಿಳಿಯದವಳಂತೆ—ತಿಳಿದಿತ್ತು, ಮುಖ ಬಿಗಿದಿತ್ತು—"ಕುಂದ್ರು, ಇಲ್ಲಿ ತಂಪದ," ಎಂದು ಹಸಿ ಕಲ್ಲು ತೋರಿಸಿದಳು. ಅತೀಯಾಳಿಗೆ ಕೂರಲಾಗಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದಳು: ಹಾಳೆ, ಒಂದು ಇಪ್ಪತ್ತು, ಬಟ್ಟೆ, ಅರ್ಜಿಯ ಬಗ್ಗೆ ಗುರುಲಿಂಗಯ್ಯನವರು ಅಂದದ್ದು. ಖುರ್ಷಿದಬೇಗಂಳ ಕೈ ನೆಲದ ಮೇಲೆಯೇ ನಿಂತುಬಿಟ್ಟಿತು.

ದಸ್ತಗೀರ ಮೂರು ದಿನದಲ್ಲಿ ಗಡ್ಡ ಬೆಳೆದು ಮುದುಕನಾಗಿದ್ದ.

"ನೀರಿಂದ?" ಅಂದ.

"ನೀರಿಂದ, ಚಾಚಾ."

"ನಾನೇ ಆ ಬಕೆಟ್ ತುಂಬಿಡ್ತಿದ್ದೆ ದಿನಾ." ನಗಲು ನೋಡಿದ, ಆಗಲಿಲ್ಲ. "ಬಸ್ ಸ್ಟ್ಯಾಂಡಿನ್ಯಾಗ ಅಂಬರಾಯ ಸಿಕ್ಕಿದ್ದ. ಮೂವತ್ತು ವರ್ಷದ ದೋಸ್ತ. ಏನ್ ತಿರುವಿದಿ ಖರೇ ಹೇಳು ಅಂದ. ಚ್ಯಾಷ್ಟಿ ಮಾಡಿದ್ದಲ್ಲ, ಕೇಳಿದ್ದು."

ಅವಳು ಮಾಫಿ ಎಂದಳು. ಅದು ಅವನಿಗೆ ಕೇಳಿಸಿದಂತೆ ಕಾಣಲಿಲ್ಲ.

"ಸದ್ದಿಲ್ಲದೆ ವಾಪಸ್ ತಗೋತಾರಂತ ಹೌದಲ್ಲ? ಅನ್ನೂದು ಅಷ್ಟು ಮಂದಿ ಮುಂದ, ತಗಳೂದು ಸದ್ದಿಲ್ಲದೆ." ಎದ್ದು ಅಂಗಿ ತೊಟ್ಟ. "ನಿನ್ನ ಅರ್ಜಿ ಕುಂತು ಕೇಳಿದ್ರು ಎಲ್ಲಾರು. ನಾ ನಿಂತು ಕೇಳ್ದೆ. ಈಗಿಂದೂ ಅಲ್ಲೇ ಓದು, ಬೇಟಿ. ನೀ ನಿಂತು ಓದು. ನಾ ಕುಂತು ಕೇಳ್ತೀನಿ. ಅಷ್ಟಾದ್ರ ಬರ್ತೀನಿ."

ಸೋಮವಾರ ನಾಲ್ಕಕ್ಕೆ ತಪಾಸಣೆಯ ಮೂವರು ಪರದೆಯ ಮುಂದೆ ನಿಂತಿದ್ದರು. ಮೊನೆ ಅಲ್ಲೇ ಇತ್ತು, ನಡುವಿನಿಂದ ಒಂದು ಗೋಧಿಕಾಳು ಎಡಕ್ಕೆ, ಕುಡುಕನಂತೆ. ಮೂವರಲ್ಲಿ ಹಿರಿಯರು ಅಭಿನಂದಿಸಲು ಕೈ ಚಾಚಿದರು. ಅತೀಯಾ ಕೈ ಕೊಡಲಿಲ್ಲ. ದಿನಚರಿಯ ವಹಿ ಎರಡೂ ಕೈಯಲ್ಲಿ ಹಿಡಿದಿದ್ದಳು. ಮೊದಲು ಸಿಬ್ಬಂದಿ ಕೋಣೆಗೆ ಬರಬೇಕೆಂದು ಕೇಳಿಕೊಂಡಳು. ಗುರುಲಿಂಗಯ್ಯನವರು ಅವಳ ಮುಖ ನೋಡಿ, ಬಾಗಿಲು ತೆರೆದು ಹಿಡಿದರು.

ಅದೇ ಹದಿನಾಲ್ಕು ಜನ. ಅದೇ ಕುರ್ಚಿಗಳು. ದಸ್ತಗೀರ ಮೊದಲ ಸಾಲಿನಲ್ಲಿ ಕೂತಿದ್ದ, ಗಡ್ಡ ಕೆರೆಸಿ, ಇಸ್ತ್ರಿ ಅಂಗಿ ತೊಟ್ಟು, ಕೈಗಳನ್ನು ಮೊಣಕಾಲ ಮೇಲೆ ಇಟ್ಟು.

ಅವಳು ನಿಂತು ಓದಿದಳು. ತಾರೀಖುಗಳು, ಸತ್ತ ಹೊತ್ತು, ದಾರಿ ತಪ್ಪಿದ ಹೊತ್ತು. ಕಾರಣ: ಕಲ್ಲಿಗೆ ಒದ್ದೆ ಬಟ್ಟೆ. ಮಾಡಿದವಳು: ಅತೀಯಾ, ಚಾಂದ್ ಅವರ ಮಗಳು. ಗುಲಾಮ ದಸ್ತಗೀರರ ಮೇಲೆ ನಾನು ಸಹಿ ಹಾಕಿದ ಮಾತು ಸುಳ್ಳು. ಕೊನೆಯ ಸಾಲಿಗೆ ದನಿ ಒಡೆಯಿತು. ಅಷ್ಟು ಸಾಲದೆಂಬಂತೆ ಅವನು ಕೂತೇ ಇದ್ದ. ಅವಳು ಆ ಸಾಲನ್ನು ಮೊದಲಿನಿಂದ ಮತ್ತೊಮ್ಮೆ ಓದಿದಳು, ಈ ಸಲ ಒಡೆಯದಂತೆ.

"ಮುಸಾಫಿರಗ ಎಷ್ಟು ತಾಸಾತು?" ಎಂದು ಕೇಳಿದ ದಸ್ತಗೀರ.

"ಮೂವತ್ತೊಂದು."

ಅವನು ಎದ್ದ. ಮೇಜಿನ ಮೇಲೆ ಗುರುವಾರದಿಂದ ಬಿದ್ದಿದ್ದ ಕೀಲಿಯ ಬಳೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವಳು ಚಾಚಿದ ಎರಡು ಕೀಲಿಗಳನ್ನು ಅದಕ್ಕೆ ಏರಿಸಿ, ಪ್ರಯೋಗಾಲಯಕ್ಕೆ ಹೋದ. ಬಾಗಿಲ ಹಿಂದಿನ ಬಕೆಟ್ಟು ಎತ್ತಿಕೊಂಡು ಹೊರಗೆ ಬಂದು, ನೀರನ್ನೆಲ್ಲ ಅಂಗಳದ ಬೇವಿನ ಬುಡಕ್ಕೆ ಸುರಿದ.